ಅಪ್ಪ ಕಲಿಸಿದ ದಾಳದ ಲೆಕ್ಕ

ನಮ್ಮದು ಜೈನರ ಮನೆ. ಸಪ್ತವ್ಯಸನಗಳಲ್ಲಿ ಜೂಜೇ ಮೊದಲನೆಯದು ಎಂಬುದನ್ನು ನಾವು ಬಸದಿಯ ಮೆಟ್ಟಿಲು ಹತ್ತಲು ಕಲಿತಾಗಲೇ ಕಲಿತಿದ್ದೆವು. ಬೇಸಿಗೆಯ ಮಧ್ಯಾಹ್ನ ಗೋಕಾಕದ ನಮ್ಮ ಓಣಿಯ ಕಟ್ಟೆಗಳ ಮೇಲೆ ಪಗಡೆಯ ಹಾಸು ಬಿಚ್ಚಿಕೊಂಡರೆ ಅವ್ವ ನಮ್ಮ ತಲೆಬಾಗಿಲನ್ನು ಮುಂದಕ್ಕೆ ಎಳೆದುಬಿಡುತ್ತಿದ್ದಳು. ಅಂಥ ಮನೆಗೆ ಅಪ್ಪ ದಾಳ ತಂದರು.

ಅಪ್ಪ ಊರಿನ ಇಂಗ್ಲಿಷ್ ಸಾಲೆಯಲ್ಲಿ ಗಣಿತದ ಮಾಸ್ತರರು. ಮೆಟ್ರಿಕ್ ದಾಟಿ ಓದುವುದು ಅವರಿಗೆ ಆಗಿರಲಿಲ್ಲ. ಆ ಹಂಬಲವನ್ನೆಲ್ಲ ಅಣ್ಣನ ಮೇಲೆ ಇಟ್ಟಿದ್ದರು. ಅಣ್ಣ ಪುಣೆಯ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡಿದ್ದ. ಒಮ್ಮೆ ರಜೆಗೆ ಬಂದಾಗ ತನಗೆ ಹೊಸದಾಗಿ ಸುರುವಾದ ಪಾಠದ ಮಾತು ತೆಗೆದ. ದಾಳವನ್ನು ಮೇಲಿಂದ ಮೇಲೆ ಒಗೆಯುತ್ತ ಹೋದರೆ ಬೇಕಾದ ಅಂಕಿ ಬೀಳುವ ಸಂಭವ ಎಷ್ಟು ಎಂಬ ಲೆಕ್ಕಗಳು ಅವು. ಪುಸ್ತಕದ ದಾಳ ನಮ್ಮ ಪಗಡೆಯದರಂತೆ ಉದ್ದದ್ದಲ್ಲ, ಚೌಕದ್ದು. ಅದಕ್ಕೆ ಆರು ಮುಖ. ಅಪ್ಪ ಮರುದಿನವೇ ಗೊಂಬೆ ಮಾಡುವವರ ಓಣಿಗೆ ಹೋಗಿ, ಕಟ್ಟಿಗೆಯ ಹಣ್ಣು-ಕಾಯಿ ಕೊರೆಯುವ ಒಬ್ಬನಿಂದ ಅಂಥದೊಂದು ದಾಳ ಮಾಡಿಸಿಕೊಂಡು ಬಂದರು. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಇದು ಆಟಕ್ಕಲ್ಲ, ಅಭ್ಯಾಸಕ್ಕೆ ಎಂದು ಅವ್ವನಿಗೆ ತಿಳಿಸಿ ಹೇಳಿದರು. ಅವ್ವ ಕೇಳಿಸಿಕೊಂಡಳು, ಒಪ್ಪಲಿಲ್ಲ. ಪಡಸಾಲೆ ದಾಟಿ ಅದು ಒಳಗೆ ಬರಬಾರದು ಎಂದಷ್ಟೇ ಹೇಳಿದಳು.

ಆ ರಜೆಯ ತುಂಬ ಅಪ್ಪ ಮತ್ತು ಅಣ್ಣ ಪಡಸಾಲೆಯಲ್ಲಿ ಪಾಟಿ ಹಿಡಿದು ಕುಳಿತಿರುತ್ತಿದ್ದರು. ನಾನು ಕಂಬದ ಬಳಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ. ನನಗೆ ಆಗ ಮದುವೆ ನಿಶ್ಚಯವಾಗಿತ್ತು, ಕನ್ನಡ ನಾಲ್ಕನೆಯ ಇಯತ್ತೆ ಮುಗಿದಿತ್ತು, ಕಿವಿ ಮಾತ್ರ ಅವರ ಮಾತಿನಲ್ಲಿ. ನಾಲ್ಕು ಸಲ ದಾಳ ಒಗೆದರೆ ಒಮ್ಮೆಯಾದರೂ ಆರು ಬೀಳುವ ಸಂಭವ ಎಷ್ಟು? ಒಮ್ಮೆ ಒಗೆದರೆ ಆರರಲ್ಲಿ ಒಂದು, ಆದ್ದರಿಂದ ನಾಲ್ಕು ಸಲಕ್ಕೆ ಆರರಲ್ಲಿ ನಾಲ್ಕು ಎಂದು ನನಗೆ ಅನಿಸಿತ್ತು. ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಅಣ್ಣ ನಕ್ಕ. ಅಪ್ಪ ನಗಲಿಲ್ಲ. ಹಾಗಾದರೆ ಏಳು ಸಲ ಒಗೆದರೆ ಆರರಲ್ಲಿ ಏಳು ಆಗುತ್ತದಲ್ಲ, ಅದಕ್ಕೆ ಅರ್ಥವೇನು ಎಂದು ಕೇಳಿದರು.

"ಬರೂದನ್ನ ಎಣಸಬ್ಯಾಡ ತಂಗಿ. ಬರದ ಇರೂದನ್ನ ಎಣಸು," ಅಂದರು.

ಆರು ಬಾರದಿರುವುದು ಪ್ರತಿ ಸಲವೂ ಆರರಲ್ಲಿ ಐದು. ನಾಲ್ಕು ಸಲವೂ ಬಾರದೆ ಇರಬೇಕಾದರೆ ಐದನ್ನು ನಾಲ್ಕು ಬಾರಿ ಗುಣಿಸಬೇಕು, ಆರನ್ನೂ ನಾಲ್ಕು ಬಾರಿ ಗುಣಿಸಬೇಕು. ಸಾವಿರದ ಇನ್ನೂರಾ ತೊಂಬತ್ತಾರರಲ್ಲಿ ಆರುನೂರಾ ಇಪ್ಪತ್ತೈದು. ಅದನ್ನು ಕಳೆದರೆ ಉಳಿದದ್ದು ಬರುವ ಸಂಭವ, ಅರ್ಧಕ್ಕಿಂತ ತುಸುವೇ ಹೆಚ್ಚು. ಪಾಟಿಯ ಮೇಲೆ ಅದನ್ನು ನೋಡಿದಾಗ ನನಗೆ ಆದ ಸಂತೋಷವನ್ನು ಮದುವೆಯ ಸೀರೆ ನೋಡಿದಾಗಲೂ ನಾನು ಪಡಲಿಲ್ಲ.

ಅಣ್ಣನಿಗೆ ಹೆಚ್ಚು ಪ್ರೀತಿಯ ಲೆಕ್ಕ ಇನ್ನೊಂದಿತ್ತು. ಇಬ್ಬರು ಸರದಿಯಂತೆ ದಾಳ ಒಗೆಯುತ್ತಾರೆ, ಯಾರಿಗೆ ಮೊದಲು ಆರು ಬೀಳುತ್ತದೆಯೋ ಅವರು ಗೆದ್ದರು. ಮೊದಲು ಒಗೆದವನು ಗೆಲ್ಲುವ ಸಂಭವ ಎಷ್ಟು? ಅಣ್ಣ ಅದನ್ನು ಕಾಲೇಜಿನಲ್ಲಿ ಕಲಿಸಿದಂತೆ ಮುಗಿಯದ ಶ್ರೇಣಿ ಬರೆದು, ಪಾಟಿ ತುಂಬಿಸಿ, ಕೂಡಿಸಿ ಉತ್ತರ ತಂದ. ಅಪ್ಪ ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡು, ಇಷ್ಟೆಲ್ಲ ಯಾಕೆ ಅಂದರು. ಇಬ್ಬರೂ ಒಂದೊಂದು ಸಲ ಒಗೆದರೆ ಮೂವತ್ತಾರು ಬಗೆ ಆಗುತ್ತದೆ. ಅದರಲ್ಲಿ ಆರು ಬಗೆಯಲ್ಲಿ ಮೊದಲನೆಯವನು ಗೆದ್ದ, ಐದು ಬಗೆಯಲ್ಲಿ ಎರಡನೆಯವನು ಗೆದ್ದ. ಉಳಿದ ಇಪ್ಪತ್ತೈದರಲ್ಲಿ ಯಾರೂ ಗೆಲ್ಲಲಿಲ್ಲ, ಆಟ ಏನೂ ಆಗಿಲ್ಲ ಎಂಬಂತೆ ಮತ್ತೆ ಮೊದಲಿಂದ ಸುರುವಾಯಿತು. ಆ ಇಪ್ಪತ್ತೈದನ್ನು ಬಿಟ್ಟುಬಿಡು. ಹನ್ನೊಂದರಲ್ಲಿ ಅವನಿಗೆ ಆರು, ಇವನಿಗೆ ಐದು. ಅಣ್ಣ ತನ್ನ ಪಾಟಿಯನ್ನೂ ಅಪ್ಪನ ಮುಖವನ್ನೂ ನೋಡಿದ. ಪುಣೆಯಲ್ಲಿ ಪ್ರೊಫೆಸರರಿಗೆ ಇದನ್ನು ಹೇಳುತ್ತೇನೆ ಅಂದ. ಅಪ್ಪ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದೆ ಮುದಲಗಿಯ ಕಾಳಿನ ವ್ಯಾಪಾರದ ಮನೆಗೆ ನನ್ನನ್ನು ಕೊಟ್ಟರು. ಗಂಡನ ಮನೆಯಲ್ಲಿ ಮರಾಠಿ ಹೆಚ್ಚು, ಮಾತು ಕಡಿಮೆ. ಗಂಡನ ಜೊತೆ ನಾನು ಆಡಿದ ಮಾತುಗಳು ಈಗ ನೆನಪಿಗೂ ಬರುವುದಿಲ್ಲ. ಸರಕಾರದವರು ಇನ್‌ಫ್ಲುಯೆಂಜಾ ಎಂದು ಕರೆದ ಮಾನಮೋಡಿ ಜ್ವರ ಬಂತು. ಊರಿಗೆ ಊರೇ ಮಲಗಿತು, ಕುಣಿ ತೋಡುವವರೂ ಸಿಗದಂತಾಯಿತು. ನನ್ನ ಗಂಡ ಹೋದ. ಆ ಸುದ್ದಿ ಹೇಳಲು ಗೋಕಾಕಕ್ಕೆ ಹೋದ ಆಳು ತಿರುಗಿ ಬಂದು, ಅಲ್ಲಿ ಅಪ್ಪ ಇಲ್ಲ, ಪುಣೆಯಿಂದ ತಾರು ಬಂದು ಹೋಗಿದ್ದಾರೆ ಅಂದ. ಅಪ್ಪ ಪುಣೆ ಮುಟ್ಟುವ ಹೊತ್ತಿಗೆ ಅಣ್ಣನೂ ಅದೇ ಜ್ವರದಲ್ಲಿ ಹೋಗಿದ್ದ. ಎಷ್ಟೋ ಹೆಣಗಳನ್ನು ಕೂಡಿಯೇ ಸುಟ್ಟಿದ್ದರಂತೆ. ಯಾವ ಬೂದಿ ಯಾರದು ಎಂದು ಹೇಳುವವರಿರಲಿಲ್ಲ. ಅಣ್ಣನ ಟ್ರಂಕು ಹಿಡಿದುಕೊಂಡು ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಇಳಿದರು.

ದಿನಗಳು ಕಳೆದ ಮೇಲೆ ಚಕ್ಕಡಿ ಕಟ್ಟಿಸಿಕೊಂಡು ಮುದಲಗಿಗೆ ಬಂದು ನನ್ನನ್ನು ಕರೆದುಕೊಂಡು ಹೊರಟರು. ಅತ್ತೆ ತಡೆಯಲಿಲ್ಲ. ಈ ಹುಡುಗಿಯ ಕಾಲ್ಗುಣದಿಂದ ತನ್ನ ಮನೆಯೂ ಹೋಯಿತು, ತವರಿನ ದೀಪವೂ ಆರಿತು ಎಂದು ಅಂಗಳದಲ್ಲಿ ನಿಂತು ಅತ್ತಳು. ಅಪ್ಪ ನನ್ನ ಗಂಟನ್ನು ಎತ್ತಿ ಚಕ್ಕಡಿಯಲ್ಲಿ ಇಟ್ಟರು. ದಾರಿಯುದ್ದಕ್ಕೂ ನಾನು ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ. ಹೊಳೆ ದಾಟುವಾಗ ಅವರು ಮೊದಲ ಸಲ ಬಾಯಿ ಬಿಟ್ಟರು.

"ಹಿಂದ ಬಿದ್ದದ್ದು ದಾಳಕ್ಕ ನೆಪ್ಪಿರೂದಿಲ್ಲ. ಕಾಲಿಗೂ ಗುಣಾ ಅನ್ನೂದು ಇರೂದಿಲ್ಲ. ನಾಳಿಂದ ಬೀಜಗಣಿತ ಸುರು ಮಾಡೂಣು."

ಆ ಮಾತಿನ ಮೇಲೆ ನಾನು ಎಷ್ಟೋ ವರ್ಷ ಬದುಕಿದೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಕಾಲಿಡುವಾಗ ಎದುರಿಗೆ ಬಂದವರು ಮುಖ ತಿರುಗಿಸಿದರೆ ಆ ಮಾತನ್ನು ಒಳಗೇ ಹೇಳಿಕೊಂಡು ಮುಂದೆ ನಡೆಯುತ್ತಿದ್ದೆ. ಅಪ್ಪ ನನಗೆ ಅಂಕಗಣಿತ, ಬೀಜಗಣಿತ, ರೇಖಾಗಣಿತ ಕಲಿಸಿದರು. ಅಣ್ಣನ ಪುಸ್ತಕಗಳನ್ನೇ ಕಲಿಸಿದರು. ದಾಳದ ಲೆಕ್ಕಗಳನ್ನು ಕೊನೆಗೆ ತೆಗೆದರು. ಅಣ್ಣ ಬಿಡಿಸಿದ್ದ ಜಾಗ ಬಂದಾಗ ಅವರ ದನಿ ತುಸು ಇಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಎರಡು ದಾಳ, ಮೂರು ದಾಳ, ಮೇಲಿಂದ ಮೇಲೆ ಎರಡು ಆರು ಬೀಳಲು ಸರಾಸರಿ ಎಷ್ಟು ಸಲ ಒಗೆಯಬೇಕು, ಹೀಗೆ ತಾವೇ ಹೊಸ ಲೆಕ್ಕ ಕಟ್ಟಿ ಕೊಡುತ್ತಿದ್ದರು. ನಾನು ಬಿಡಿಸಿದರೆ "ಹೂಂ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನನಗೂ ಬೇಕಾಗಿರಲಿಲ್ಲ.

ಬಂಧುಗಳು ಆಡಿಕೊಂಡರೂ ಬಿಡದೆ ನನ್ನನ್ನು ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿದರು. ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ಕೆಲಸವಾಯಿತು. ಅವ್ವ ತೀರಿಕೊಂಡ ಮೇಲೆ, ನೌಕರಿಯಿಂದ ನಿವೃತ್ತರಾಗಿದ್ದ ಅಪ್ಪನೂ ಗೋಕಾಕ ಬಿಟ್ಟು ನನ್ನ ಹತ್ತಿರ ಬಂದರು. ಊರಿನ ಹಳೆಯ ಗುಮ್ಮಟಗಳ ಕಡೆಗೆ ಹೋಗುವ ದಾರಿಯಲ್ಲಿ ಎರಡು ಅಂಕಣದ ಮನೆ. ಬಾಜೂ ಮನೆಯಲ್ಲಿ ಹಿಡಕಲ್ ಕಡೆಯಿಂದ ಬಂದು ನೆಲೆಸಿದ ಕುರುಬರ ಕುಟುಂಬ. ಆ ಮನೆಯ ಸೊಸೆ ನಾನು ಸಾಲೆಗೆ ಹೋದಾಗ ಅಪ್ಪನಿಗೆ ಮಜ್ಜಿಗೆ ಕೊಟ್ಟು ಹೋಗುತ್ತಿದ್ದಳು. ನಾನು ಸಾಲೆಯಿಂದ ಬಂದು, ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದು ಲೆಕ್ಕ ಮಾಡುತ್ತಿದ್ದೆವು. ನನ್ನ ಜೀವನದಲ್ಲಿ ಸುಖ ಎಂದು ಏನಾದರೂ ಇದ್ದರೆ ಆ ಕೆಲವು ವರ್ಷಗಳ ಸಂಜೆಗಳು.

ಮರೆವು ಅವರಿಗೆ ಯಾವಾಗ ಹತ್ತಿತು ಎಂದು ಹೇಳಲಾರೆ. ಕನ್ನಡಕ ಎಲ್ಲಿಟ್ಟೆ, ಊಟ ಆಯಿತೋ ಇಲ್ಲವೋ, ಇಂಥವು ವಯಸ್ಸಾದವರೆಲ್ಲ ಕೇಳುತ್ತಾರೆ ಎಂದು ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಒಂದು ಸಂಜೆ ಇಬ್ಬರು ಸರದಿಯಂತೆ ಒಗೆಯುವ ಆ ಹಳೆಯ ಲೆಕ್ಕವನ್ನು ಅವರೇ ತೆಗೆದರು. ಮೂವತ್ತಾರು ಬಗೆ ಎಂದು ಸುರು ಮಾಡಿ, ಆರು, ಐದು ಎಂದು ಹೇಳಿ, ಮುಂದಿನ ಇಪ್ಪತ್ತೈದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟರು. ಪಾಟಿ ಒರೆಸಿ ಮತ್ತೆ ಬರೆದರು. ಮತ್ತೆ ಅಲ್ಲಿಯೇ ನಿಂತರು. ನಾನು ಮುಂದಿನದನ್ನು ಹೇಳಬಹುದಿತ್ತು, ದೀಪ ಹಚ್ಚುವ ನೆಪದಲ್ಲಿ ಎದ್ದೆ. ಇವತ್ತು ಕಣ್ಣು ಉರಿಯುತ್ತಿದೆ ಎಂದು ಹೇಳಿ ಅವರು ಎದ್ದು ಒಳಗೆ ಹೋದರು.

ಆಮೇಲೆ ನಾನು ಸುಲಭದ ಲೆಕ್ಕಗಳನ್ನೇ ಕೊಡತೊಡಗಿದೆ. ಅವರಿಗೆ ಗೊತ್ತಾಗದಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದೆವು. ಮೂರು ದಾಳದಿಂದ ಎರಡು ದಾಳಕ್ಕೆ, ಎರಡರಿಂದ ಒಂದಕ್ಕೆ. ಕೊನೆಗೆ ಒಂದು ದಿನ, ನಾಲ್ಕು ಸಲ ಒಗೆದರೆ ಒಮ್ಮೆಯಾದರೂ ಆರು ಬೀಳುವ ಸಂಭವ ಎಷ್ಟು ಎಂದು ಕೇಳಿದೆ. ತಕ್ಷಣ ಉತ್ತರ ಬಂತು: ಆರರಲ್ಲಿ ನಾಲ್ಕು. ಅವರು ನನಗೆ ಕೇಳಿದ್ದ ಪ್ರಶ್ನೆಯನ್ನೇ ಮೆಲ್ಲಗೆ ಅವರಿಗೆ ಕೇಳಿದೆ: ಏಳು ಸಲ ಒಗೆದರೆ? ಸ್ವಲ್ಪ ಯೋಚಿಸಿದರು. ಮುಖದಲ್ಲಿ ಕಷ್ಟ ಕಾಣಲಿಲ್ಲ.

"ಏಳ ಸಲ ಒಗದ್ರ ಬಂದ ಬರ್ತೈತಿ," ಅಂದರು.

ದವಾಖಾನೆಯ ಡಾಕ್ಟರರು ಬಂದು ನೋಡಿದರು. ನಾಡಿ ಚಲೋ ಇದೆ, ಹಸಿವೆ ಇದೆ, ನಿದ್ದೆ ಇದೆ, ಇನ್ನೇನು ಬೇಕು ಎಂದು ನನಗೇ ಸಮಾಧಾನ ಹೇಳಿದರು. ಇದಕ್ಕೆ ಔಷಧ ಇಲ್ಲ ಎಂಬುದನ್ನು ಹೊರಗೆ ಸೈಕಲ್ ಹತ್ತುವಾಗ ತಲೆ ತಗ್ಗಿಸಿ ಹೇಳಿದರು.

ಅಪ್ಪ ಅಣ್ಣನನ್ನು ಕಾಯತೊಡಗಿದ್ದು ಆ ಮಳೆಗಾಲದಲ್ಲಿ. ರಜೆ ಬಿದ್ದಿದೆ, ಇನ್ನೂ ಯಾಕೆ ಬರಲಿಲ್ಲ ಎಂದು ಕೇಳಿದರು. ಮೊದಲ ಸಲ ನನಗೆ ಏನು ಹೇಳಬೇಕೋ ತಿಳಿಯದೆ ಇದ್ದದ್ದನ್ನು ಹೇಳಿದೆ. ಅವರು ಆಗತಾನೆ ತಾರು ಬಂದವರ ಹಾಗೆ ಗೋಡೆ ಹಿಡಿದು ಕುಸಿದು ಕುಳಿತರು. ಪುಣೆಯಿಂದ ಬಂದಾಗಲೂ ನನ್ನೆದುರು ಅಳದ ಮನುಷ್ಯ ಅಂದು ಸಣ್ಣ ಕೂಸಿನ ಹಾಗೆ ಅತ್ತರು. ಮರುದಿನ ಮತ್ತೆ ಅದೇ ಪ್ರಶ್ನೆ. ನಾನು ಇನ್ನೊಮ್ಮೆ ಹೇಳಲಿಲ್ಲ.

ಆದರೆ ಲೆಕ್ಕದ ಮಾಸ್ತರರು ಅವರು, ಕಾಯುವುದಕ್ಕೂ ಒಂದು ಲೆಕ್ಕ ಹಚ್ಚಿದರು.

"ಇಷ್ಟ ದಿನಾ ಬರಲಿಲ್ಲಂದ್ರ ಇವತ್ತ ಬರೂ ಸಂಭವ ಭಾಳ ಐತಿ," ಅಂದರು ಒಂದು ಮುಂಜಾನೆ.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಹಿಂದಿಂದು ದಾಳಕ್ಕ ನೆಪ್ಪಿರೂದಿಲ್ಲ ಅಂತ ನೀವ ಹೇಳಿದ್ರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಾ ಹಂಗ ಹೇಳಿರಲಿಕ್ಕಿಲ್ಲ," ಅಂದರು. ಮಾಸ್ತರರು ತಪ್ಪು ಮಾಡಿದ ವಿದ್ಯಾರ್ಥಿಗೆ ಹೇಳುವ ದನಿ ಅದು, ಸಿಟ್ಟಿಲ್ಲದ್ದು.

ರವಿವಾರ ಸಾಲೆಗೆ ಸೂಟಿ. ಅಂದು ಮಧ್ಯಾಹ್ನ ದಾಳ ಎಲ್ಲಿದೆ ಎಂದು ಕೇಳಿದರು. ತೆಗೆದುಕೊಟ್ಟೆ. ಆರು ಬಿದ್ದರೆ ಇವತ್ತು ಬರುತ್ತಾನೆ, ಒಗೆ ಅಂದರು. ಏನೋ ಮಕ್ಕಳ ಆಟ ಎಂದುಕೊಂಡು ಒಗೆದೆ. ಬೀಳಲಿಲ್ಲ. ಮತ್ತೆ ಒಗೆ ಅಂದರು. ಎರಡು ಬಿತ್ತು, ಐದು ಬಿತ್ತು, ಮತ್ತೆ ಎರಡು. ಒಗೆಯುತ್ತಲೇ ಇದ್ದೆ, ಆರು ಬೀಳಲೊಲ್ಲದು. ಬೀಳದೆ ಇರುವ ಸಂಭವ ಒಗೆದ ಹಾಗೆಲ್ಲ ಕಡಿಮೆಯಾಗುತ್ತ ಹೋಗುತ್ತದೆ, ಆದರೆ ಎಂದೂ ಸೊನ್ನೆಯಾಗುವುದಿಲ್ಲ; ಅಷ್ಟು ನನಗೆ ಗೊತ್ತಿತ್ತು. ಅಪ್ಪನ ಉಸಿರು ಜೋರಾಗುತ್ತಿತ್ತು. ಕೊನೆಗೆ ಅವರು ಕೈ ಚಾಚಿ ನನ್ನ ಬೆರಳುಗಳನ್ನು ಬಿಡಿಸಿ ದಾಳವನ್ನು ಕಿತ್ತುಕೊಂಡರು.

"ನಿನ್ನ ಕೈಗುಣಾ ಛಲೋ ಇಲ್ಲ. ಮುತ್ತೈದಿ ಯಾರರೆ ಇದ್ರ ಕರಿ."

ನಾನು ಏನು ಮಾಡಿದೆ ಎಂಬುದು ನನಗೆ ಸರಿಯಾಗಿ ನೆನಪಿದೆ. ಎದ್ದು ಅಡಿಗೆಮನೆಗೆ ಹೋದೆ. ತೊಳೆದಿಟ್ಟಿದ್ದ ಹಂಡೆಯನ್ನು ಮತ್ತೆ ಬೂದಿ ಹಾಕಿ ತಿಕ್ಕತೊಡಗಿದೆ. ಅತ್ತೆ ಅಂದದ್ದಕ್ಕೆ ನಾನು ಅಳಲಿಲ್ಲ, ಓಣಿಯವರು ಮುಖ ತಿರುಗಿಸಿದ್ದಕ್ಕೂ ಅಳಲಿಲ್ಲ. ಅದಕ್ಕೆಲ್ಲ ಉತ್ತರ ಹೇಳುವ ಒಬ್ಬರು ನನ್ನ ಬೆನ್ನಿಗೆ ಇದ್ದರು. ಈಗ ಅವರೇ ಹೇಳಿದ್ದಕ್ಕೆ ಉತ್ತರ ಯಾರಿಂದ ತರಲಿ? ಹೊರಗೆ ಅಪ್ಪ ದಾರಿಯಲ್ಲಿ ಹೋಗುವ ಹೆಂಗಸರನ್ನು ಕೂಗಿ ಕರೆಯುತ್ತಿರುವುದು ಕೇಳಿಸಿತು. ಊರಿನವರೆದುರು ಅವರು ನಗೆಪಾಟಲಾಗಬಾರದು ಎಂದು ನಾನೇ ಬಾಜೂ ಮನೆಗೆ ಹೋಗಿ ಆ ಸೊಸೆಯನ್ನು ಕರೆದೆ. ಯಾಕೆ ಎಂಬುದನ್ನೂ ಹೇಳಬೇಕಾಯಿತು. ಅವಳು ನನ್ನ ಮುಖ ನೋಡಲಿಲ್ಲ.

"ಅದರಾಗ ಏನೈತಿ ಬಿಡ್ರಿ ಅಕ್ಕೋರ. ಒಂದ ಸಲ ಒಗದ ಹೋಗ್ತೇನಿ," ಎನ್ನುತ್ತ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು.

ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಅಪ್ಪ ಎರಡೂ ಕೈಯಲ್ಲಿ ಹಿಡಿದು ದಾಳ ಕೊಟ್ಟರು. ಅವಳು ಒಗೆದಳು. ಮೊದಲ ಸಲಕ್ಕೇ ಆರು ಬಿತ್ತು.

ಆರರಲ್ಲಿ ಒಂದು. ಅದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಆದರೆ ಅಪ್ಪ ಆಗ ನನ್ನ ಕಡೆಗೆ ತಿರುಗಿ ನೋಡಿದ ನೋಟ, ನೋಡಿದೆಯಾ ಎಂಬಂಥದ್ದು, ಅದನ್ನು ಯಾವ ಅಪೂರ್ಣಾಂಕದಲ್ಲಿ ಬರೆಯಲಿ? ಆ ಹೆಣ್ಣುಮಗಳು ಹೆದರಿದವಳ ಹಾಗೆ ದಾಳವನ್ನು ಚಾಪೆಯ ಮೇಲೆ ಬಿಟ್ಟು ಹೊರಟುಹೋದಳು.

ಅಪ್ಪ ಕೋಟು ತೊಟ್ಟರು, ರುಮಾಲು ಸುತ್ತಿಕೊಂಡರು. ಮೋಟಾರು ಸ್ಟ್ಯಾಂಡಿನವರೆಗೆ ನಾನೂ ಜೊತೆಗೆ ನಡೆದೆ. ಕೈ ಹಿಡಿಯಲು ಹೋದರೆ ಬೇಡ ಎಂದು ಬಿಡಿಸಿಕೊಂಡರು. ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತರು. ಗೋಕಾಕದ ಕಡೆಯಿಂದ ಸರ್ವಿಸ್ ಮೋಟಾರು ಬಂತು. ಸಂತೆಯ ಗಂಟು ಹೊತ್ತವರು, ಮಿಲ್ಲಿನಲ್ಲಿ ಕೆಲಸ ಮಾಡುವ ಇಬ್ಬರು, ಕೂಸನ್ನೆತ್ತಿಕೊಂಡ ಒಬ್ಬಳು ಇಳಿದರು. ಅಪ್ಪ ಪ್ರತಿಯೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಬಾಗಿಲಲ್ಲಿ ತಲೆ ಹಾಕಿ ಕೂಡುವ ಖಾಲಿ ಬಾಕುಗಳನ್ನೂ ನೋಡಿದರು. ಮನೆಗೆ ಬಂದು ಊಟಕ್ಕೆ ಏಳಲಿಲ್ಲ, ಅವನು ಬರಲಿ ಅಂದರು. ಹೊತ್ತು ಮುಳುಗಿತು. ಜೈನರಾದ ನಾವು ಆ ಹೊತ್ತಿನ ಮೇಲೆ ಉಣ್ಣುವುದಿಲ್ಲ, ಉಪವಾಸವೇ ಮಲಗಿದೆವು.

ಮರುದಿನ ಬೆಳಿಗ್ಗೆ ಅವರಿಗೆ ಏನೂ ನೆನಪಿರಲಿಲ್ಲ. ಹಾಲು ಕುಡಿದು, ಬಾಯಿ ಒರೆಸಿಕೊಂಡು, ಎಂದಿನ ಮೆತ್ತಗಿನ ದನಿಯಲ್ಲಿ, "ತಂಗಿ, ಇವತ್ತ ಯಾವ ಲೆಕ್ಕ ಮಾಡೂಣು?" ಎಂದು ಕೇಳಿದರು. ಸಾಲೆಗೆ ಹೊತ್ತಾಯಿತು ಎಂದೆ.

ಅದಾದ ಮೇಲೆ ಅವರು ಮತ್ತೊಂದು ಮಳೆಗಾಲ ನೋಡಿದರು. ಲೆಕ್ಕದ ಮಾತು ಬಿಟ್ಟೇಹೋಯಿತು. ಒಂದರಿಂದ ಆರರವರೆಗೆ ಎಣಿಸುವುದೂ ಹೋಯಿತು. ಮೀಯಿಸುವಾಗ, ಉಣಿಸುವಾಗ ನಾನು ಅವರ ಮುಖದಲ್ಲಿ ಒಂದನ್ನೇ ಹುಡುಕುತ್ತಿದ್ದೆ. ಆ ಮಾತು ಬೇನೆ ಆಡಿಸಿದ್ದೋ, ಅಥವಾ ಇಷ್ಟು ವರ್ಷ ವಿದ್ಯೆಯ ಬಲದಿಂದ ಅದುಮಿಟ್ಟುಕೊಂಡದ್ದು ವಿದ್ಯೆ ಹೋದ ಮೇಲೆ ಹೊರಬಿತ್ತೋ? ಚಕ್ಕಡಿಯಲ್ಲಿ ನನ್ನನ್ನು ಕರೆತರುವಾಗ, ಅತ್ತೆ ಅಂದದ್ದು ಇವರಿಗೂ ಒಳಗೆಲ್ಲೋ ಖರೆ ಅನಿಸಿತ್ತೇ? ಗೊತ್ತಿದ್ದವರು ಅವರೊಬ್ಬರೇ. ಅವರನ್ನು ಕೇಳಿದರೆ ನಗುತ್ತಿದ್ದರು. ಒಂದು ನಸುಕಿನಲ್ಲಿ, ನಾನು ಹಾಲು ಕಾಯಿಸಿ ತರುವಷ್ಟರಲ್ಲಿ, ಹೋಗಿಬಿಟ್ಟಿದ್ದರು.

ಗೋಕಾಕದಿಂದ ದಾಯಾದಿಗಳು ಬಂದರು. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಹೆಣ ಎತ್ತುವ ಮೊದಲು ವಯಸ್ಸಾದ ಒಬ್ಬ ಸೋದರತ್ತೆ ನನ್ನ ಹತ್ತಿರ ಬಂದು, ಮುತ್ತೈದೆಯರು ನೀರು ಹಾಕಲಿ, ನೀನು ತುಸು ಸರಿದು ನಿಲ್ಲು ಎಂದಳು. ಹಿಂದಿನ ದಿನಗಳಾಗಿದ್ದರೆ ನಾನು ಅವಳನ್ನು ನೋಡಿ ಅಲ್ಲಿಯೇ ನಿಂತಿರುತ್ತಿದ್ದೆ. ಅಂದು ಒಳಗೇ ಹೇಳಿಕೊಳ್ಳಲು ಅಪ್ಪನ ಆ ಮಾತೂ ಉಳಿದಿರಲಿಲ್ಲ. ಗೋಡೆಗೆ ಸರಿದು ನಿಂತೆ.

ಸೂತಕ ಕಳೆದ ಮೇಲೆ ಸಾಲೆಗೆ ಹೋದೆ. ಹೆಡ್‌ಮಾಸ್ತರಬಾಯಿಯವರು ಇನ್ನೂ ಕೆಲವು ದಿನ ಸುಧಾರಿಸಿಕೊಳ್ಳಿ ಅಂದರು. ಮನೆಯಲ್ಲಿ ಕೂತು ಮಾಡುವುದೇನು ಎಂದೆ. ಮೂರನೆಯ ಇಯತ್ತೆಗೆ ಅಂದು ಭಾಗಾಕಾರ ಸುರುವಾಗಬೇಕಿತ್ತು. ಹುಡುಗಿಯರು ಪಾಟಿ ಒರೆಸಿಕೊಂಡು ಕಾಯುತ್ತಿದ್ದರು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆಗೆ ತಿರುಗಿದೆ.